ಹಿಮದ ಮೇಲಿನ ಕೆರೆಯ ತಳ ಯಾವ ಬಣ್ಣ?



 ಹಿಮಹಾಸಿನ ಮೇಲೆ ಬೇಸಿಗೆಯಲ್ಲಿ ಕರಗಿ ನಿಲ್ಲುವ ಕೆರೆಗಳ ವಿಸ್ತೀರ್ಣವನ್ನು ಉಪಗ್ರಹ ಚಿತ್ರದಿಂದ ಗುರುತಿಸುವುದು ಈಗ ಎಂ.ಎಸ್ಸಿ. ವಿದ್ಯಾರ್ಥಿ ಮಾಡುವ ಕೆಲಸ. ಆಳ ಮಾತ್ರ ಇನ್ನೂ ಸರಿಯಾಗಿ ಕೈಗೆ ಸಿಕ್ಕಿಲ್ಲ. ಸಿಕ್ಕಿದೆ ಎಂದುಕೊಂಡು ನೀರಿನ ಲೆಕ್ಕ ಬರೆಯುತ್ತಾ ಬಂದಿದ್ದೇವೆ. ನನ್ನ ತಕರಾರು ಅದರ ಬಗ್ಗೆ.

ಆಳ ಏಕೆ ಮುಖ್ಯ? 2006ರ ಜುಲೈಯಲ್ಲಿ ಗ್ರೀನ್‌ಲ್ಯಾಂಡಿನ ಪಶ್ಚಿಮದ ಒಂದು ಕೆರೆ ಸುಮಾರು ಒಂದೂವರೆ ಗಂಟೆಯಲ್ಲಿ ಬರಿದಾಯಿತು. ಸಾರಾ ದಾಸ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ವರದಿ ಮಾಡಿದರು. 980 ಮೀಟರ್ ದಪ್ಪದ ಮಂಜುಗಡ್ಡೆಯನ್ನು ಸೀಳಿಕೊಂಡು ನೀರು ಬುಡ ಸೇರಿತ್ತು. ಹರಿವಿನ ರಭಸ ನಯಾಗರಾವನ್ನು ಮೀರಿಸಿತ್ತು. ನೀರು ಮಂಜುಗಡ್ಡೆಗಿಂತ ಭಾರ, ಹಾಗಾಗಿ ಬಿರುಕಿನಲ್ಲಿ ತುಂಬಿ ನಿಂತರೆ ಅದನ್ನು ಕೆಳಗೆ ಕೆಳಗೆ ಸೀಳುತ್ತದೆ. ಆದರೆ ಬಿರುಕು ಬೆಳೆದಷ್ಟೂ ಅದನ್ನು ತುಂಬುವಷ್ಟು ನೀರು ಮೇಲೆ ಇರಬೇಕಲ್ಲ? 2002ರಲ್ಲಿ ಅಂಟಾರ್ಕ್ಟಿಕಾದ ಲಾರ್ಸನ್ ಬಿ ಐಸ್ ಶೆಲ್ಫ್ ಕೆಲವೇ ವಾರಗಳಲ್ಲಿ ನುಚ್ಚುನೂರಾದಾಗ ಅದರ ಮೈಮೇಲೆಲ್ಲ ಇಂಥ ಕೆರೆಗಳಿದ್ದವು. ಬರೀ ವಿಸ್ತೀರ್ಣದಿಂದ ಅಪಾಯ ತಿಳಿಯುವುದಿಲ್ಲ.

ಉಪಗ್ರಹ ಚಿತ್ರದಲ್ಲಿ ಮರಳಿ ಬರುವ ಬೆಳಕಿನಿಂದ ಆಳ ಲೆಕ್ಕ ಹಾಕುವ ವಿಧಾನ ನಿಮಗೆಲ್ಲ ಗೊತ್ತಿದೆ. ಫಿಲ್ಪಾಟ್ 1989ರಲ್ಲಿ ಕೊಟ್ಟ ಸಮೀಕರಣವನ್ನು ಸ್ನೀಡ್ ಮತ್ತು ಹ್ಯಾಮಿಲ್ಟನ್ 2007ರಲ್ಲಿ ಹಿಮದ ಕೆರೆಗಳಿಗೆ ತಂದರು. ಆಮೇಲಿನ ಸಾಹಿತ್ಯವನ್ನು ನಾನು ಒಪ್ಪಿಸಬೇಕಿಲ್ಲ, ಅದನ್ನು ಬೆಳೆಸಿದ ಹಲವರು ಈ ಸಭಾಂಗಣದಲ್ಲೇ ಕುಳಿತಿದ್ದಾರೆ. ಕೆಂಪು ಬೆಳಕನ್ನು ನೀರು ಬೇಗ ಹೀರುತ್ತದೆ, ಐದು ಮೀಟರ್ ದಾಟಿದರೆ ಮರಳಿ ಬರುವುದು ಅತ್ಯಲ್ಪ. ಹಸಿರು ಬೆಳಕು ಆಳಕ್ಕೆ ಹೋಗುತ್ತದೆ, ಆದರೆ ಸಣ್ಣ ತಪ್ಪಿಗೂ ಉತ್ತರ ಬಹಳ ವಾಲುತ್ತದೆ. ಅದು ಸಹಿಸಿಕೊಳ್ಳಬಹುದಾದ ತೊಂದರೆ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದು ಸಮೀಕರಣದ ಇನ್ನೊಂದು ಸಂಖ್ಯೆ, ಕೆರೆಯ ತಳದ ಪ್ರತಿಫಲನ.

ಒಂದು ಪರಿಶೀಲನಾ ಸಭೆಯಲ್ಲಿ ಯುವ ಸಂಶೋಧಕರೊಬ್ಬರು ಅಚ್ಚುಕಟ್ಟಾದ ಆಳದ ನಕ್ಷೆ ತೋರಿಸಿದರು. ತಳದ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದೆ. ‘ದಡದ ಪಿಕ್ಸೆಲ್‌ಗಳಿಂದ ಸರ್.’ ನಡುವಿನ ತಳಕ್ಕೆ? ‘ಅದನ್ನೇ ತಗೊಂಡಿದ್ದೀವಿ.’ ಸಭೆಯಲ್ಲಿ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ತಪ್ಪು ಆ ಹುಡುಗನದಲ್ಲ, ನಾವೆಲ್ಲ ಹಾಗೇ ಕಲಿಸಿದ್ದು. ಕಲ್ಯಾಣಿಯ ಮೇಲಿನ ಮೆಟ್ಟಿಲು ನೋಡಿ ಕೆಳಗಿನ ಕೆಸರಿನ ಬಣ್ಣ ಹೇಳುವ ರೀತಿ ಇದು. ದಡದಲ್ಲಿ ಬಿಳಿ ಮಂಜು. ನಡುವೆ ಕ್ರಯೊಕೊನೈಟ್ ಎಂಬ ಕಪ್ಪು ಧೂಳು ಕೂತಿರಬಹುದು. ತಳ ನಾವೆಣಿಸಿದ್ದಕ್ಕಿಂತ ಕಪ್ಪಾಗಿದ್ದರೆ ಕೆರೆ ಇರುವುದಕ್ಕಿಂತ ಆಳವಾಗಿ ಕಾಣುತ್ತದೆ, ಬೆಳ್ಳಗಿದ್ದರೆ ಆಳ ಕಡಿಮೆಯಾಗಿ. ಟೆಡೆಸ್ಕೊ ಮತ್ತು ಸ್ಟೈನರ್ ಗ್ರೀನ್‌ಲ್ಯಾಂಡಿನ ಕೆರೆಯೊಂದಕ್ಕೆ ರಿಮೋಟ್‌ನಿಂದ ನಡೆಸುವ ಪುಟ್ಟ ದೋಣಿ ಬಿಟ್ಟು ಆಳವನ್ನೂ ಬೆಳಕನ್ನೂ ಒಟ್ಟಿಗೆ ಅಳೆದ ಫಲಿತಾಂಶ 2011ರಲ್ಲಿ ಬಂತು. ಆ ದಾರಿಯಲ್ಲಿ ನಾವು ಹೆಚ್ಚು ದೂರ ನಡೆಯಲಿಲ್ಲ. ಉಪಗ್ರಹ ಚಿತ್ರಗಳು ಪುಕ್ಕಟೆಯಾಗಿ, ಹೇರಳವಾಗಿ ಬಂದವು. ನೀರಿಗಿಳಿಯುವ ಕೆಲಸ ಹಿಂದೆ ಬಿತ್ತು.

2018ರ ಸೆಪ್ಟೆಂಬರಿನಲ್ಲಿ ಐಸ್‌ಸ್ಯಾಟ್-2 ಉಪಗ್ರಹ ಮೇಲೇರಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದರ ಹಸಿರು ಲೇಸರ್, ಸೆಕೆಂಡಿಗೆ ಹತ್ತು ಸಾವಿರ ಮಿಡಿತ, ನೀರಿನ ಮೇಲ್ಮೈಯಿಂದ ಒಂದು ಸಲ, ತಳದಿಂದ ಇನ್ನೊಂದು ಸಲ ಮರಳುತ್ತದೆ. ಬೆಳಕು ನೀರಿನಲ್ಲಿ ನಿಧಾನವಾಗುವುದಕ್ಕೆ 1.33ರಿಂದ ಭಾಗಿಸಿದರೆ ಆಳ ಸಿಕ್ಕಿತು, ತಳದ ಬಣ್ಣದ ಹಂಗೇ ಇಲ್ಲ. 2019ರ ಜನವರಿ 2ರಂದು ಅದು ಅಂಟಾರ್ಕ್ಟಿಕಾದ ಅಮೆರಿ ಐಸ್ ಶೆಲ್ಫ್ ಮೇಲೆ ಹಾದುಹೋದ ದತ್ತಾಂಶವನ್ನು ಹೆಲೆನ್ ಫ್ರಿಕರ್ ತಂಡ ಚಿತ್ರಗಳ ಜೊತೆ ಹೋಲಿಸಿತು. ಚಿತ್ರ ಆಧಾರಿತ ವಿಧಾನಗಳು ಆಳವನ್ನು ಶೇ. 30ರಿಂದ 70ರಷ್ಟು ಕಡಿಮೆ ಹೇಳಿದ್ದವು.

ಇಷ್ಟಾದ ಮೇಲೆ ನಾವು ಮಾಡುತ್ತಿರುವುದೇನು? ಲೇಸರ್ ಹಾದ ಗೆರೆಯ ಮೇಲೆ ಆಳ ಹೊಂದುವವರೆಗೆ ನೀರಿನ ಹೀರುವಿಕೆಯ ಗುಣಾಂಕವನ್ನು ಅತ್ತಿತ್ತ ತಿರುಗಿಸುತ್ತೇವೆ, ಹೊಂದಿದ ಸಂಖ್ಯೆಯನ್ನು ಇಡೀ ಪ್ರದೇಶಕ್ಕೆ ಹಚ್ಚುತ್ತೇವೆ. ಶುದ್ಧ ನೀರು ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂಬುದನ್ನು ಪೋಪ್ ಮತ್ತು ಫ್ರೈ 1997ರಲ್ಲೇ ಪ್ರಯೋಗಾಲಯದಲ್ಲಿ ಅಳೆದಿಟ್ಟಿದ್ದಾರೆ. ತಿಳಿಯಾದ ಕರಗುನೀರಿನಲ್ಲಿ ಅದು ಕೆರೆಯಿಂದ ಕೆರೆಗೆ ಅಷ್ಟೊಂದು ಬದಲಾಗಲು ಕಾರಣವೇನು? ತಳದ ಬಗೆಗಿನ ನಮ್ಮ ಅಜ್ಞಾನವನ್ನು ನೀರಿನ ತಲೆಗೆ ಕಟ್ಟುತ್ತಿದ್ದೇವೆ ಎಂಬುದು ನನ್ನ ಬಲವಾದ ನಂಬಿಕೆ. ಲೇಸರ್ ಆಳ ಕೊಟ್ಟ ಕಡೆ ಸಮೀಕರಣವನ್ನು ತಿರುಗಿಸಿ ತಳದ ಪ್ರತಿಫಲನವನ್ನೇ ಬಿಡಿಸಬಹುದು. ಅದು ದಡದಿಂದ ನಡುವಿಗೆ ಹೇಗೆ ಬದಲಾಗುತ್ತದೆ? ಋತು ಕಳೆದಂತೆ ಕಪ್ಪಾಗುತ್ತದೆಯೇ? ಧೂಳು ಹೆಚ್ಚಿರುವ ಗ್ರೀನ್‌ಲ್ಯಾಂಡಿನ ಸಂಖ್ಯೆ ಅಂಟಾರ್ಕ್ಟಿಕಾಕ್ಕೆ ಸಲ್ಲುತ್ತದೆಯೇ? ಈ ಪ್ರಶ್ನೆಗಳು ನನ್ನಲ್ಲಿ ಇನ್ನೂ ಬಗೆಹರಿದಿಲ್ಲ.

ಉತ್ತರ ಹುಡುಕಲು ನಮಗೆ ಅವಕಾಶವಿದೆ. ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ ಭಾರತಿ ಕೇಂದ್ರ ಇರುವುದು ಲಾರ್ಸ್‌ಮನ್ ಗುಡ್ಡಗಳಲ್ಲಿ, ಅಮೆರಿಯಿರುವ ಪ್ರಿಡ್ಜ್ ಕೊಲ್ಲಿಯ ಇನ್ನೊಂದು ದಡದಲ್ಲಿ. ಅಲ್ಲಿಗೆ ಹೋಗಿಬಂದವರು ಇಲ್ಲಿದ್ದೀರಿ. ಮುಂದಿನ ಬೇಸಿಗೆಗೆ ಹೊರಡುವವರು ಸೋನಾರ್ ಜೊತೆ ತಳದ ಬೆಳಕನ್ನು ಅಳೆಯುವ ಉಪಕರಣವನ್ನೂ ಪಟ್ಟಿಗೆ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಈಗ ಮಂಡನೆಯಾಗಲಿರುವ ಮೊದಲ ಪ್ರಬಂಧ ಅಮೆರಿಯ ಕೆರೆಗಳದ್ದೇ. ಲೇಖಕರು ತಾವು ಬಳಸಿದ ತಳದ ಸಂಖ್ಯೆ ಯಾವುದು, ಅದು ಎಲ್ಲಿಂದ ಬಂತು ಎಂದು ಮೊದಲು ಹೇಳಲಿ, ಚರ್ಚೆ ಅಲ್ಲಿಂದ ಶುರುವಾಗಲಿ.