ಕೋಲಾರದ ಗಣಿಯೂ ಜಗತ್ತಿನ ವಿಜ್ಞಾನವೂ
(ಬೆಳಗಾವಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ವಾರ ಖಾನಾಪುರದಲ್ಲಿ ಸಭೆ ಮುಗಿದ ಮೇಲೆ ಹಂಚಿನ ಕಾರಖಾನೆಯಲ್ಲಿ ದುಡಿಯುವ ಹಿರಿಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಮೊಮ್ಮಗಳು ಹತ್ತನೆಯ ಇಯತ್ತೆ ಪಾಸಾಗಿದ್ದಾಳೆ. ಮುಂದೆ ವಿಜ್ಞಾನವನ್ನೇ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. "ಮಾಸ್ತರ್ರ, ಫಿಜಿಕ್ಸ್ ಅಂದ್ರ ದೊಡ್ಡವರ ಮಕ್ಕಳ ವಿದ್ಯಾ. ಮಣ್ಣು ತುಳಿಯೋ ನಮಗ ಅದರಾಗ ಏನೈತ್ರಿ?" ಎಂದು ಕೇಳಿದರು. ಬೆಳಗಾವಿಗೆ ದಿನಾ ಹೋಗಿ ಬರುವ ಖರ್ಚಿನ ಚಿಂತೆಯೂ ಆ ಮಾತಿನಲ್ಲಿತ್ತು.

ತಪ್ಪು ಅವರದಲ್ಲ, ನಮ್ಮದು. ಶಾಲೆಯಲ್ಲಿ ಕಲಿಸುತ್ತಿದ್ದಾಗ ನಾವು ಗೆಲಿಲಿಯೋ, ನ್ಯೂಟನ್, ಫ್ಯಾರಡೆ ಎಂದು ಹೆಸರು ಮತ್ತು ಇಸವಿಗಳನ್ನು ಬಾಯಿಪಾಠ ಮಾಡಿಸಿದೆವು. ಫ್ಯಾರಡೆ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿದ ಹುಡುಗ ಎಂದು ಹೇಳಲಿಲ್ಲ. 1831ರಲ್ಲಿ ಅವನು ಕಂಡ ತತ್ತ್ವದಿಂದ ಜನರೇಟರು ಬಂದಿತು. ವಡಗಾವಿ, ಖಾಸಬಾಗಗಳ ಮಗ್ಗಗಳನ್ನು ಓಡಿಸುವ ಕರೆಂಟು ಹುಟ್ಟುವುದು ಆ ತತ್ತ್ವದಿಂದಲೇ. ಇಂದು ನಮ್ಮ ನಾಡಿನಲ್ಲೇ ನಡೆದ ಇನ್ನೊಂದು ಸಂಗತಿಯನ್ನು ಹೇಳುತ್ತೇವೆ.

ಅಂಗಡಿಕಾರ ಮಿತ್ರರಿಗೆ ಇದರ ಮೊದಲ ಭಾಗ ಬೇಗ ತಿಳಿಯುತ್ತದೆ. ಕೆಲವು ಪರಮಾಣುಗಳು ಒಡೆಯುವಾಗ ಶಕ್ತಿಯ ಜಮಾಖರ್ಚು ತಾಳೆಯಾಗುತ್ತಿರಲಿಲ್ಲ. ಸ್ವಲ್ಪ ಬಾಕಿ ಕಾಣೆಯಾಗುತ್ತಿತ್ತು. ಕಣ್ಣಿಗೆ ಬೀಳದ ಯಾವುದೋ ಕಣ ಅದನ್ನು ಒಯ್ಯುತ್ತಿರಬೇಕೆಂದು 1930ರಲ್ಲಿ ಪೌಲಿ ಎಂಬ ವಿಜ್ಞಾನಿ ಹೇಳಿದ. ಅದೇ ನ್ಯೂಟ್ರಿನೋ. 1956ರಲ್ಲಿ ಅಮೇರಿಕೆಯಲ್ಲಿ ಅಣು ರಿಯಾಕ್ಟರಿನ ಬಳಿ ರೈನ್ಸ್ ಮತ್ತು ಕೋವನ್ ಅದನ್ನು ಹಿಡಿದು ತೋರಿಸಿದರು.

ಆಕಾಶದಿಂದಲೂ ವಿಶ್ವಕಿರಣಗಳು ಬಂದು ಗಾಳಿಗೆ ಬಡಿದಾಗ ನ್ಯೂಟ್ರಿನೋಗಳು ಹುಟ್ಟುತ್ತವೆ. ಆದರೆ ನೆಲದ ಮೇಲೆ ಬೇರೆ ಕಣಗಳ ಗದ್ದಲ ವಿಪರೀತ. ನೂರು ಮಗ್ಗ ಓಡುವ ಶೆಡ್ಡಿನಲ್ಲಿ ಪಿಸುಮಾತು ಕೇಳೀತೇ? ಪಿಸುಮಾತು ಕೇಳಬೇಕಾದರೆ ಗೋಡೆಯಾಚೆ ಹೋಗಬೇಕು. ಇಲ್ಲಿ ಬೇಕಾದ ಗೋಡೆ ಮೈಲುಗಟ್ಟಲೆ ದಪ್ಪನೆಯ ಬಂಡೆ. ಉಳಿದ ಕಣಗಳೆಲ್ಲ ಬಂಡೆಯಲ್ಲಿ ಸೋಸಿಹೋಗುತ್ತವೆ, ನ್ಯೂಟ್ರಿನೋ ಮಾತ್ರ ದಾಟಿ ಬರುತ್ತದೆ.

ಅಂಥ ಜಾಗ ಕೋಲಾರದ ಚಿನ್ನದ ಗಣಿಯಲ್ಲಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಆ ಗಣಿಗೆ ಇಳಿದು ಅಳತೆ ಆರಂಭಿಸಿದರು. ಮುಂದೆ ಮಂಗಳೂರಿನಲ್ಲಿ ಹುಟ್ಟಿದ ಎಂ. ಜಿ. ಕೆ. ಮೆನನ್ ಮೊದಲಾದವರೂ ಸೇರಿದರು. ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳವರು ಕೂಡಿ ನೆಲದಡಿ ಸುಮಾರು 2.3 ಕಿಲೋಮೀಟರು ಆಳದಲ್ಲಿ ಯಂತ್ರಗಳನ್ನು ಗೋಡೆಯಂತೆ ನಿಲ್ಲಿಸಿದರು. 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಅದೇ ವರ್ಷ ರೈನ್ಸ್ ತಂಡಕ್ಕೂ ಸಿಕ್ಕಿತು. ಅದೂ ದಕ್ಷಿಣ ಆಫ್ರಿಕೆಯ ಚಿನ್ನದ ಗಣಿಯಲ್ಲೇ!

ಈಗ ಕೇಳಿರಿ. ಆ 2.3 ಕಿಲೋಮೀಟರನ್ನು ಕೊರೆದವರು ಯಾರು? 1880ರಿಂದ ಇಂಗ್ಲಿಷ್ ಕಂಪನಿಯ ಲಾಭಕ್ಕಾಗಿ ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ ಬಡ ಕೂಲಿಗಳು. ಕೆಳಗೆ ಬಂಡೆಯೇ ಬಿಸಿ. ಒಮ್ಮೊಮ್ಮೆ ಅದು ಸಿಡಿದು ಜೀವ ತೆಗೆಯುತ್ತಿತ್ತು. 1902ರಲ್ಲಿ ಶಿವನಸಮುದ್ರದ ಕರೆಂಟು ಹರಿದದ್ದೂ ಆ ಗಣಿಗೇ. ವಿಜ್ಞಾನಕ್ಕಾಗಿಯೇ ಅಷ್ಟು ಆಳ ತೋಡಲು ಆಗ ಯಾವ ಸರಕಾರವೂ ಹಣ ಕೊಡುತ್ತಿರಲಿಲ್ಲ. ಸಂಶೋಧನ ಪ್ರಬಂಧದ ಮೇಲೆ ಹನ್ನೊಂದು ವಿಜ್ಞಾನಿಗಳ ಹೆಸರಿದೆ. ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಅವರು ನಿಂತ ನೆಲ ಕೂಲಿಯವನ ಬೆವರಿನದು.

ಆಮೇಲಿನ ಕತೆಯೂ ಹಾಗೆಯೇ. ನ್ಯೂಟ್ರಿನೋ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗುತ್ತದೆ, ಅದಕ್ಕೂ ತೂಕವಿದೆ ಎಂದು ತೋರಿಸಿದ್ದಕ್ಕೆ 2015ರಲ್ಲಿ ನೊಬೆಲ್ ಬಹುಮಾನ ಬಂತು. ಆ ಪ್ರಯೋಗಗಳು ನಡೆದದ್ದು ಜಪಾನಿನ ಒಂದು ಗಣಿಯಲ್ಲಿ ಮತ್ತು ಕೆನಡಾದ ನಿಕ್ಕಲ್ ಗಣಿಯಲ್ಲಿ. ಕೋಲಾರದ್ದು ಮಾತ್ರ 2001ರಲ್ಲಿ ಮುಚ್ಚಿತು. ಸುರಂಗಕ್ಕೆ ನೀರು ತುಂಬಿತು. ಗಣಿಯವರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವಂತಾಯಿತು. ಜಗತ್ತಿಗೆ ಜ್ಞಾನ ಸಿಕ್ಕಿತು. ಅದಕ್ಕೆ ದಾರಿ ಕೊರೆದವರ ಮನೆಗೆ ಏನು ಸಿಕ್ಕಿತು?

ಖಾನಾಪುರದ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ. ಯಜಮಾನರೇ, ಆ ವಿದ್ಯೆಯಲ್ಲಿ ನಿಮ್ಮಂಥವರ ದುಡಿಮೆ ಆಗಲೇ ಜಮೆಯಾಗಿದೆ. ನಿಮ್ಮ ಮೊಮ್ಮಗಳು ಕೇಳುತ್ತಿರುವುದು ಧರ್ಮವಲ್ಲ, ತನ್ನ ಪಾಲು. ಅವಳನ್ನು ಕಾಲೇಜಿಗೆ ಕಳಿಸಿರಿ. ಹೋಗಿ ಬರುವ ಖರ್ಚಿಗೆ ಇಲ್ಲಿ ಕೂತವರೆಲ್ಲ ಕೈಲಾದಷ್ಟು ಕೂಡಿಸೋಣ. ಬರುವ ವಾರ ನಾವು ಖಾನಾಪುರಕ್ಕೆ ಹೋಗುತ್ತೇವೆ. ಬರಿಗೈಯಲ್ಲಿ ಹೋಗುವಂತೆ ಮಾಡಬೇಡಿರಿ.