ಆಕಾಶದ ಕಣ್ಣಿಗೆ ನಮ್ಮ ಐದು ಸೆಂಟ್ಸು ಕಂಡೀತೇ?

(ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಡಲ್ಕೊರೆತ ಎಂದರೇನೆಂದು ತ್ರಾಸಿ, ಮರವಂತೆಯ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪಡುವಲ್ಲಿ ಕಡಲು, ಮೂಡಲ್ಲಿ ಸೌಪರ್ಣಿಕೆ, ನಡುವೆ ಹೆದ್ದಾರಿ. ಪರವೂರಿನವರು ಕಾರು ನಿಲ್ಲಿಸಿ ಫೋಟೋ ತೆಗೆಯುವ ಈ ಚೆಂದವೇ ಮಳೆಗಾಲದಲ್ಲಿ ನಮ್ಮ ನಿದ್ದೆ ಕೆಡಿಸುವುದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ದಡ ಸೇರಿದ್ದು ದೂರದ ಗುಜರಾತಿನಲ್ಲಿ. ಆದರೂ ಹೋಗುವ ದಾರಿಯಲ್ಲೇ ನಮ್ಮ ಪಕ್ಕದ ನಾಡ ಗ್ರಾಮದಲ್ಲಿ ಒಂದೇ ದಿನ 385 ಮಿ.ಮೀ. ಮಳೆ ಸುರಿಸಿತು.

ನಮ್ಮಲ್ಲಿ ಅನೇಕರು ಕೇಳುವುದುಂಟು: "ಈಗ ಸ್ಯಾಟಲೈಟ್ ಇದೆಯಲ್ಲ, ಮೇಲಿಂದ ಎಲ್ಲ ಕಾಣ್ತದಲ್ಲ, ಮತ್ಯಾಕೆ ಈ ಅಳತೆ, ಮಹಜರು?" ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಅರ್ಧ ಹೌದು, ಅರ್ಧ ಅಲ್ಲ.

ಉಪಗ್ರಹದ ಚಿತ್ರವೆಂದರೆ ಸಣ್ಣ ಸಣ್ಣ ಚೌಕಗಳ ಚಾಪೆಯಿದ್ದಂತೆ. ಒಂದು ಚೌಕದೊಳಗೆ ಏನೇನಿದ್ದರೂ ಅದಕ್ಕೆಲ್ಲ ಸೇರಿ ಒಂದೇ ಬಣ್ಣ. 1988ರಲ್ಲಿ ಹಾರಿದ, ಪ್ರಯೋಗಕ್ಕಲ್ಲದೆ ನಿತ್ಯದ ಬಳಕೆಗೆಂದೇ ಮಾಡಿದ ನಮ್ಮ ದೇಶದ ಮೊದಲ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎ. ಅದರ ಒಂದು ಕ್ಯಾಮರಾದಲ್ಲಿ ಚೌಕದ ಬದಿ 72.5 ಮೀಟರ್, ಅಂದರೆ ಒಂದೂಕಾಲು ಎಕರೆಗೂ ಹೆಚ್ಚು ಜಾಗ ಒಂದು ಚುಕ್ಕಿ! ಈಗ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಯಾರಿಗೂ ಉಚಿತ. ಅದರ ಚೌಕ 10 ಮೀಟರಿನದು. ಲೆಕ್ಕ ಹಾಕಿ ನೋಡಿ, ಹತ್ತು ಹತ್ತಲೆ ನೂರು ಚದರ ಮೀಟರ್, ಹೆಚ್ಚುಕಡಿಮೆ ಎರಡೂವರೆ ಸೆಂಟ್ಸು. ಐದು ಸೆಂಟ್ಸಿನಲ್ಲಿ ಮನೆ ಕಟ್ಟಿಕೊಂಡವನ ಇಡೀ ಬದುಕು ಅಲ್ಲಿ ಎರಡೇ ಚುಕ್ಕಿ. ಗಡಿ ಒಂದು ಚುಕ್ಕಿ ಆಚೀಚೆ ಆದರೆ ಅರ್ಧ ಜಾಗ ಹೋದ ಹಾಗೆ, ಇಲ್ಲವೇ ಏನೂ ಹೋಗದ ಹಾಗೆ!

ಇದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ನೋಡುವ ನಮ್ಮದೇ ಕಾರ್ಟೊಸ್ಯಾಟ್ ಉಪಗ್ರಹಗಳಿವೆ. ಆದರೆ ಅವು ದಿನಾ ನಮ್ಮ ನೆತ್ತಿಯ ಮೇಲೆ ಬರುವುದಿಲ್ಲ. ಬಂದರೂ ಜೂನ್, ಜುಲೈಯಲ್ಲಿ ಕೆಳಗೆ ಮೋಡವೇ ಮೋಡ. ಮೋಡ ತೂರಿ ನೋಡುವ ರಾಡಾರ್ ಉಪಗ್ರಹಗಳೂ ಇವೆ. ಗದ್ದೆಯಲ್ಲಿ ನಿಂತ ನೆರೆನೀರು ಅವಕ್ಕೆ ಕಪ್ಪಾಗಿ ಚೆನ್ನಾಗಿ ತೋರುತ್ತದೆ. ಹಾರಿಹೋದ ಹೆಂಚು, ಕೊಚ್ಚಿಹೋದ ಬಲೆ, ಉಪ್ಪಾದ ಬಾವಿನೀರು ಮಾತ್ರ ಯಾವ ಕ್ಯಾಮರಾಕ್ಕೂ ಸಿಗುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ಹಿರಿಯ ಮೀನುಗಾರರಿಗೆ ಹೇಳದೆಯೇ ಗೊತ್ತು. ಮಳೆಗಾಲದಲ್ಲಿ ಕಡಲು ಹೊತ್ತೊಯ್ದ ಹೊಯ್ಗೆಯಲ್ಲಿ ಬಹುಪಾಲು ಚಳಿಗಾಲದ ಹೊತ್ತಿಗೆ ತಿರುಗಿ ಬರುತ್ತದೆ. ಫೆಬ್ರವರಿಯ ಚಿತ್ರದ ಪಕ್ಕ ಆಗಸ್ಟಿನ ಚಿತ್ರ ಇಟ್ಟರೆ ಊರೇ ಹೋದಂತೆ ಕಾಣುತ್ತದೆ. ತಿರುವುಮುರುವು ಇಟ್ಟರೆ ಊರು ಬೆಳೆದಂತೆ! ಉಬ್ಬರದ ಹೊತ್ತಿನ ಚಿತ್ರವೋ, ಇಳಿತದ್ದೋ ಎಂಬುದೂ ಮುಖ್ಯ. ಆದ್ದರಿಂದ ಒಂದೇ ಕಾಲದ ಚಿತ್ರಗಳನ್ನು ವರ್ಷವರ್ಷ ಜೋಡಿಸಿ ನೋಡಬೇಕು. ಉಪಗ್ರಹದ ನಿಜವಾದ ಬಲ ಇರುವುದು ಇಲ್ಲೇ. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2016ರವರೆಗಿನ ಚಿತ್ರಗಳನ್ನು ಹೋಲಿಸಿ, ದೇಶದ ಕರಾವಳಿಯ ಸುಮಾರು ಮೂರನೆಯ ಒಂದು ಪಾಲು ಕೊರೆದುಹೋಗುತ್ತಿದೆಯೆಂದು ಕಂಡಿತು. ಮರವಂತೆಯಲ್ಲಿ ಕಡಲಿಗೆ ಚಾಚಿದ ಕಲ್ಲಿನ ಗೋಡೆಗಳಿಂದ ಎಲ್ಲಿ ಹೊಯ್ಗೆ ನಿಂತಿತು, ಎಲ್ಲಿ ಕೊರೆತ ಹೆಚ್ಚಿತು ಎಂದು ತಿಳಿಯಲೂ ಇದೇ ದಾರಿ.

ಹಾಗಾದರೆ ಇಡೀ ಊರಿನ ಹಾನಿಗೆ ಆಕಾಶದ ಸಾಕ್ಷಿ ಇದೆ. ಒಬ್ಬ ಬಡವನ ಹಾನಿಗೆ ನೆಲದ ಸಾಕ್ಷಿಯೇ ಬೇಕು. ಜಾಗ ಕಡಲು ಸೇರಿದರೂ, ಸರ್ವೆಯಾಗಿ ದಾಖಲೆ ತಿದ್ದುವವರೆಗೆ ಪಹಣಿಯಲ್ಲಿ ವಿಸ್ತೀರ್ಣ ಮೊದಲಿನಷ್ಟೇ. ಅದನ್ನೇ ಅಡವಿಟ್ಟು ಸಾಲ ಪಡೆದವನ ಪಾಡೇನು, ಸಾಲ ಕೊಟ್ಟ ಸಂಘದ ಪಾಡೇನು? ಇದು ನಮ್ಮೆಲ್ಲರ ಹಣದ ಪ್ರಶ್ನೆಯೂ ಹೌದು.

ನಮ್ಮ ಸಲಹೆ ಇಷ್ಟು. ಕಡಲ ಬದಿಯ ಪ್ರತಿ ಸದಸ್ಯರ ಜಾಗದಲ್ಲಿ ಸರ್ವೆಕಲ್ಲೋ ಮನೆಯ ಮೂಲೆಯೋ, ಕದಲದ ಒಂದು ಗುರುತು ಹಿಡಿಯೋಣ. ಅಲ್ಲಿಂದ ನೀರಿನ ಅಂಚಿಗಲ್ಲ, ದರೆಯ ಅಂಚಿಗೆ ಟೇಪು ಹಿಡಿದು ವರ್ಷಕ್ಕೆರಡು ಸಲ ಅಳೆಯೋಣ, ಮೇ ತಿಂಗಳಲ್ಲೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ. ನಿಂತ ಜಾಗ ಮತ್ತು ದಿನಾಂಕ ದಾಖಲಾಗುವಂತೆ ಮೊಬೈಲಿನಲ್ಲಿ ಒಂದು ಫೋಟೋ, ಪ್ರತಿ ಸಲವೂ ಅದೇ ದಿಕ್ಕಿಗೆ. ಸಂಘದ ಕಚೇರಿಯಲ್ಲಿ ಇದಕ್ಕೊಂದು ಪುಸ್ತಕ ಇರಲಿ, ನೆರೆಮನೆಯವರಿಬ್ಬರ ರುಜು ಇರಲಿ. ಅಧಿಕಾರಿಗಳು ಬಂದಾಗ ಉಪಗ್ರಹದ ನಕ್ಷೆಯ ಪಕ್ಕದಲ್ಲಿ ಅದನ್ನೂ ಬಿಡಿಸಿಟ್ಟು ಮಾತನಾಡಬಹುದು.

ಬರುವ ಮೇ ತಿಂಗಳಿಗೆ ಟೇಪು ಹಿಡಿಯಲು ನಾಲ್ಕು ಯುವಕರು ಬೇಕು. ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳಲ್ಲಿ ಹೆಸರು ಕೊಡಿ.