ದಿಕ್ಕಿಲ್ಲದವರಿಗೂ ಒಂದು ಎಡೆ



ಚೀನೀಯರು ಸತ್ತವರಿಗಾಗಿ ಆಚರಿಸುವ ಹಬ್ಬಗಳ ಈ ಪ್ರದರ್ಶನವನ್ನು ಉದ್ಘಾಟಿಸುವುದು ನನಗೆ ಸಂತೋಷದ ಸಂಗತಿ. ನೀವು ಒಳಗೆ ಹೋಗುವ ಮುನ್ನ ಒಂದೆರಡು ಮಾತು.

ಏಪ್ರಿಲ್ 4 ಅಥವಾ 5ರ ಸುಮಾರಿಗೆ ಬರುವ ಛಿಂಗ್‌ಮಿಂಗ್ ಮನೆಯ ಹಿರಿಯರ ಹಬ್ಬ. ಮನೆಮಂದಿಯೆಲ್ಲ ಸಮಾಧಿಗೆ ಹೋಗಿ ಕಳೆ ಕಿತ್ತು, ಗುಡಿಸಿ, ಎಡೆಯಿಟ್ಟು, ಕಾಗದದ ಹಣ ಸುಡುತ್ತಾರೆ. 2008ರಿಂದ ಚೀನಾದಲ್ಲಿ ಅದಕ್ಕೆ ಸರ್ಕಾರಿ ರಜೆಯೂ ಇದೆ.

ಆದರೆ ಮಕ್ಕಳಿಲ್ಲದೆ ಸತ್ತವರು, ಪರಊರಲ್ಲಿ ಕಣ್ಮುಚ್ಚಿದವರು, ನೀರುಪಾಲಾದವರು ಇದ್ದಾರಲ್ಲ, ಅವರಿಗೆ ಎಡೆ ಇಡುವವರು ಯಾರು? ಚೀನೀ ಪಂಚಾಂಗದ ಏಳನೆಯ ತಿಂಗಳು ಅವರಿಗಾಗಿಯೂ ಇದೆ. ಆ ತಿಂಗಳು ಪರಲೋಕದ ಬಾಗಿಲು ತೆರೆದು, ಹಸಿದ ಪ್ರೇತಗಳು ಊರಿಗೆ ಬರುತ್ತವೆಂಬುದು ನಂಬಿಕೆ. ಬೌದ್ಧರು ಈ ಆಚರಣೆಗೆ ಹಿನ್ನೆಲೆಯಾಗಿ ಬುದ್ಧನ ಶಿಷ್ಯ ಮೌದ್ಗಲ್ಯಾಯನನ ಕಥೆ ಹೇಳುತ್ತಾರೆ. ಪ್ರೇತವಾಗಿದ್ದ ತಾಯಿಗೆ ಅವನು ಕೊಟ್ಟ ಅನ್ನ ಬಾಯಿಗೆ ಹೋಗುವ ಮೊದಲೇ ಕೆಂಡವಾಯಿತು. ಇಡೀ ಭಿಕ್ಷುಸಂಘಕ್ಕೆ ದಾನ ಮಾಡಿದ ಮೇಲೆಯೇ ಆಕೆಗೆ ಬಿಡುಗಡೆ. ತೈವಾನಿನಲ್ಲಿ ಆ ತಿಂಗಳು ಬರುವ ಪ್ರೇತ ಅತಿಥಿಗಳಿಗೆ ಮನೆಯ ಹೊರಗೆ ಮೇಜು ಹಾಕಿ ಊಟ ಬಡಿಸುತ್ತಾರೆ. ದೂರದಿಂದ ಬಂದವರು ಮುಖ ತೊಳೆಯಲೆಂದು ಬೋಗುಣಿಯಲ್ಲಿ ನೀರು, ಪಕ್ಕದಲ್ಲಿ ಟವೆಲು ಇಡುವವರೂ ಉಂಟು.

ಅದೇ ತೈವಾನಿನ ಬಂದರು ಪಟ್ಟಣ ಕೀಲುಂಗ್. ಚೀನಾದ ಚಾಂಗ್‌ಚೌ ಮತ್ತು ಛುವಾನ್‌ಚೌ ಸೀಮೆಗಳಿಂದ ಬಂದು ನೆಲೆಸಿದವರು 1851ರಲ್ಲಿ ಅಲ್ಲಿ ಹೊಡೆದಾಡಿಕೊಂಡರು, ಅನೇಕರು ಸತ್ತರು. ಸತ್ತವರನ್ನು ಒಟ್ಟಿಗೆ ಮಣ್ಣುಮಾಡಿ ಗುಡಿ ಕಟ್ಟಲಾಯಿತು. 1855ರಿಂದ ಸೀಮೆಯ ಗುರುತು ಬದಿಗಿಟ್ಟು, ಮನೆತನದ ಹೆಸರಿನ ಮೇಲೆ ಗುಂಪುಗಳಾಗಿ, ವರ್ಷಕ್ಕೊಂದು ಗುಂಪಿನಂತೆ ಸರದಿಯಲ್ಲಿ ಈ ಪ್ರೇತಗಳ ಹಬ್ಬ ನಡೆಸತೊಡಗಿದರು. ಒಂದೇ ಮನೆತನದ ಹೆಸರಿನವರು ಎರಡೂ ಸೀಮೆಗಳಲ್ಲಿದ್ದರು; ಹಾಗಾಗಿ ನಿನ್ನೆಯ ವೈರಿಗಳು ಒಂದೇ ಸಾಲಿನಲ್ಲಿ ನಿಂತರು. ಆ ಸರದಿ ಇಂದಿಗೂ ತಪ್ಪಿಲ್ಲ. ಏಳನೆಯ ತಿಂಗಳ ಹದಿನಾಲ್ಕನೆಯ ರಾತ್ರಿ ಮನೆತನದ ಹೆಸರು ಬರೆದ ಕಾಗದದ ಮನೆಗಳನ್ನು ಸಮುದ್ರಕ್ಕೆ ಹೊತ್ತು ತಂದು, ಬೆಂಕಿ ಹಚ್ಚಿ ತೇಲಿಬಿಡುತ್ತಾರೆ. ನೀರಲ್ಲಿ ಸತ್ತವರನ್ನು ಊಟಕ್ಕೆ ಕರೆಯುವ ದೀಪ ಅದು. ಯಾರ ದೀಪ ಹೆಚ್ಚು ದೂರ ಹೋಗುವುದೋ ಆ ಮನೆತನಕ್ಕೆ ಆ ವರ್ಷ ಶುಭವೆಂಬುದು ನಂಬಿಕೆ.

ತನ್ನವರನ್ನು ನೆನೆಯುವುದು ಕರುಳಿನ ಧರ್ಮ. ಗುರುತಿಲ್ಲದವರನ್ನೂ, ಎದುರಾಳಿಯ ಕಡೆ ಬಿದ್ದವರನ್ನೂ ನೆನೆಯುವುದು ಒಂದು ಸಮಾಜ ಕಷ್ಟಪಟ್ಟು ಕಲಿತ ಧರ್ಮ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ, ದಯವಿಟ್ಟು ನಿಧಾನವಾಗಿ ನೋಡಿ, ಮಕ್ಕಳನ್ನೂ ಕರೆತನ್ನಿ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.